ಅಳಿಸಿ ಹಾಕಿದ ಮೂರು ರಾತ್ರಿಗಳು

ಅಬುಧಾಬಿಗೆ ಬಂದ ಮರುದಿನವೇ ನಾನು ತಣ್ಣೀರಿನ ನಲ್ಲಿಗೆ ಕೈಯೊಡ್ಡಿ ಕೈ ಸುಟ್ಟುಕೊಂಡೆ. ಜುಲೈ ತಿಂಗಳು, ಬೆಳಿಗ್ಗೆ ಏಳು ಗಂಟೆ, ಹೊಸ ಆಫೀಸಿಗೆ ಮೊದಲ ದಿನ ಹೊರಡುವ ಗಡಿಬಿಡಿ. ನೀಲಿ ಗುರುತಿನ ನಲ್ಲಿಯಿಂದ ಸುರಿದ ನೀರಿಗೆ ಚಹಾಪುಡಿ ಹಾಕಿದ್ದರೆ ಬಣ್ಣ ಬಿಡುತ್ತಿತ್ತೋ ಏನೋ. ನನ್ನ ಕೂಗು ಕೇಳಿ ಪಕ್ಕದ ಕೋಣೆಯ ಹೆಂಗಸು ಓಡಿ ಬಂದಳು. ನನ್ನ ಕೈ ನೋಡಿದಳು, ಗೀಸರಿನ ಸ್ವಿಚ್ಚು ಆರಿಸಿದಳು, ಕೆಂಪು ಗುರುತಿನ ನಲ್ಲಿಯನ್ನು ತೋರಿಸಿದಳು.

"ಇಲ್ಲಿ ಬೇಸಗೆಯಲ್ಲಿ ಕೆಂಪು ಅಂದರೆ ತಣ್ಣೀರು, ನೀಲಿ ಅಂದರೆ ಬಿಸಿನೀರು. ನವೆಂಬರಿನಲ್ಲಿ ಮತ್ತೆ ಸರಿಯಾಗುತ್ತದೆ," ಎಂದಳು ಇಂಗ್ಲಿಷಿನಲ್ಲಿ.

ಮಾಳಿಗೆಯ ಮೇಲಿನ ಟ್ಯಾಂಕು ಹಗಲಿಡೀ ಬಿಸಿಲಿಗೆ ಕಾಯುತ್ತದೆ, ರಾತ್ರಿಯೂ ಆರುವುದಿಲ್ಲ. ಆರಿಸಿಟ್ಟ ಗೀಸರು ಮಾತ್ರ ಏಸಿಯ ತಂಪಿನಲ್ಲಿರುವುದರಿಂದ ಅದರೊಳಗೆ ನಿಂತ ನೀರು ತಣ್ಣಗಾಗುತ್ತದೆ. ಇದನ್ನು ಇಲ್ಲಿ ಎಲ್ಲರೂ ಬಲ್ಲರು, ಆದರೆ ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಸುಟ್ಟುಕೊಂಡ ಮೇಲೆ ಹೇಳುತ್ತಾರೆ. ಈ ಊರಿನ ಬಹಳಷ್ಟು ಸಂಗತಿಗಳನ್ನು ನಾನು ಹಾಗೆಯೇ ಕಲಿತೆ.

ಆ ಹೆಂಗಸಿನ ಹೆಸರು ಬಕ್ತಿಗುಲ್. ಕಿರ್ಗಿಸ್ತಾನದವಳು, ನನಗಿಂತ ಎರಡು ವರ್ಷ ಚಿಕ್ಕವಳು, ನಾನು ಸೇರಲಿದ್ದ ಆಫೀಸಿನಲ್ಲೇ ನೀರಿನ ಇಂಜಿನಿಯರ್. ಮನೆ ಇದ್ದದ್ದು ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಸರಕಾರ ಆ ಜಾಗಕ್ಕೆ ಹೊಸ ಅರಬ್ಬಿ ಹೆಸರು ಇಟ್ಟಿದೆ, ಟ್ಯಾಕ್ಸಿಯವರಿಗೆ ಹಳೆಯದನ್ನೇ ಹೇಳಬೇಕು. ಮೂರು ಕೋಣೆಯ ಫ್ಲಾಟು, ಶಿರ್ವದ ಕಡೆಯ ಹಿಲ್ಡಾ ಎಂಬ ನರ್ಸಿನ ಹೆಸರಿನಲ್ಲಿತ್ತು. ಅವರಿಗೊಂದು ಕೋಣೆ, ನನಗೊಂದು, ಬಕ್ತಿಗುಲ್‌ಗೊಂದು. ಅಡುಗೆಮನೆ ಒಂದೇ. ಇದಕ್ಕೆ ಇಲ್ಲಿ ಶೇರಿಂಗ್ ಎನ್ನುತ್ತಾರೆ. ನನ್ನ ಗಂಡ ಸುಧಾಕರ ದುಬೈಯ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್, ಕಂಪನಿಯ ರೂಮಿನಲ್ಲಿ ವಾಸ. ಗುರುವಾರ ಸಂಜೆ ಬಸ್ಸು ಹತ್ತಿ ಬರುತ್ತಿದ್ದರು, ಶನಿವಾರ ಸಂಜೆ ಹೋಗುತ್ತಿದ್ದರು. ಕಾರ್ಕಳದ ಹತ್ತಿರದ ಊರಿನಲ್ಲಿ ನಾನೂ ಇಲ್ಲಿ ಅವರೂ ಇದ್ದಾಗ ವರ್ಷಕ್ಕೊಂದು ತಿಂಗಳಿನ ಸಂಸಾರ. ಒಂದೇ ದೇಶಕ್ಕೆ ಬಂದ ಮೇಲೆ ವಾರಕ್ಕೆರಡು ದಿನದ್ದು. ಬಡ್ತಿ ಸಿಕ್ಕಿದ ಹಾಗೆ ಎಂದು ನಾನೇ ಹಿಲ್ಡಾ ಬಾಯಿಯ ಹತ್ತಿರ ತಮಾಷೆ ಮಾಡುತ್ತಿದ್ದೆ.

ನನ್ನ ಹುದ್ದೆಯ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರಿನಲ್ಲಿ ಗತ್ತಿದೆ, ಕೆಲಸ ಕಡತ ಕಾಯುವುದು. ಕರಡು ಬಂದರೆ ನಂಬರು ಹಾಕಬೇಕು, ಇಂಗ್ಲಿಷು ತಿದ್ದಬೇಕು, ಅಂದವಾಗಿ ಟೈಪು ಮಾಡಿ ಕೊನೆಯ ಪ್ರತಿ ತೆಗೆಯಬೇಕು. ಊರಿನಲ್ಲಿ ಹನ್ನೆರಡು ವರ್ಷ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ನಾನು. ಒಂದು ಪದ ಹೆಚ್ಚಾದರೂ ಅವರು ಕೆಂಪು ಶಾಯಿಯಿಂದ ಹೊಡೆದು ಹಾಕುತ್ತಿದ್ದರು. ಹೇಳಿದ್ದನ್ನೇ ಎರಡು ಸಲ ಹೇಳುವ ವಾಕ್ಯ ಕಂಡರೆ ಈಗಲೂ ನನ್ನ ಬೆರಳು ತುರಿಸುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಆದದ್ದೆಲ್ಲ ಅದರಿಂದಲೇ.

ಆಫೀಸಿನ ಕೆಲಸವೇ ಒಂದು ವಿಚಿತ್ರ. ಅಬುಧಾಬಿಯಲ್ಲಿ ನದಿ ಎಂಬುದಿಲ್ಲ. ಕುಡಿಯುವುದು ಸಮುದ್ರದ ಉಪ್ಪು ತೆಗೆದ ನೀರು. ಅಂಥ ಊರಿನ ಹನ್ನೊಂದನೆಯ ಮಹಡಿಯಲ್ಲಿ ಕುಳಿತು ನಾವು ಬೇರೆ ದೇಶಗಳ ನದಿಗಳನ್ನು ಪಾಲು ಮಾಡುತ್ತಿದ್ದೆವು. ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದು ಆಮೇಲೆ ಬೇರೆ ಬೇರೆಯಾದ ದೇಶಗಳು ಅವು: ಬೆಟ್ಟದ ಮೇಲೆ ಕಿರ್ಗಿಸ್ತಾನ, ತಾಜಿಕಿಸ್ತಾನ, ಕೆಳಗೆ ಉಜ್ಬೇಕಿಸ್ತಾನ, ಕಜಾಕಿಸ್ತಾನ. ಒಂದೇ ಸರಕಾರ ಇದ್ದಾಗ ಮೇಲಿನವರು ಬೇಸಗೆಯಲ್ಲಿ ಅಣೆಕಟ್ಟಿನ ನೀರು ಬಿಡುತ್ತಿದ್ದರು, ಕೆಳಗಿನವರ ಹತ್ತಿ ಬೆಳೆಯುತ್ತಿತ್ತು. ಚಳಿಗಾಲದಲ್ಲಿ ಕೆಳಗಿನಿಂದ ಕಲ್ಲಿದ್ದಲು, ಗ್ಯಾಸು ಮೇಲಕ್ಕೆ ಹೋಗುತ್ತಿತ್ತು. ಮನೆ ಪಾಲಾದ ಮೇಲೆ ಕಲ್ಲಿದ್ದಲಿಗೆ ಬೆಲೆ ಬಂತು, ನೀರಿಗೆ ಬರಲಿಲ್ಲ. ಮೇಲಿನವರು ಚಳಿಗಾಲದ ಕರೆಂಟಿಗಾಗಿ ನೀರು ಹಿಡಿದಿಟ್ಟರು. ಅಂಗಳದ ನಡುವೆ ಒಂದೇ ಬಾವಿ ಉಳಿಸಿಕೊಂಡು ಗೋಡೆ ಎಬ್ಬಿಸಿದ ಅಣ್ಣತಮ್ಮಂದಿರ ಕಥೆಯೇ ಅದು. ಇವರ ಊರಿಗೆ ಅವರು, ಅವರ ಊರಿಗೆ ಇವರು ಮಾತುಕತೆಗೆ ಹೋಗಲು ಒಪ್ಪುತ್ತಿರಲಿಲ್ಲ. ಹಾಗಾಗಿ ಎರಡೂ ಕಡೆಯವರು ವಿಮಾನ ಹತ್ತಿ ಈ ಮರಳಿನ ಮೇಲೆ ಇಳಿಯುತ್ತಿದ್ದರು.

ಅವರ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದವರು ರುಸ್ತಮ್, ತಾಜಿಕಿಸ್ತಾನದವರು, ಅರವತ್ತರ ಹತ್ತಿರದ ವಯಸ್ಸು. ಅವರ ಕಡೆ ಹಿರಿಯ ಗಂಡಸರನ್ನು ಹೆಸರಿನ ಜೊತೆ 'ಅಕಾ' ಸೇರಿಸಿ ಕರೆಯಬೇಕು. ಅಕಾ ಎಂದರೆ ಅಣ್ಣ. ಮೀಸೆ ಹೊತ್ತ ಗಂಡಸನ್ನು ಅಕ್ಕ ಎಂದು ಕರೆದ ಹಾಗಾಗಿ ಮೊದಮೊದಲು ನನಗೆ ನಗು ತಡೆಯುತ್ತಿರಲಿಲ್ಲ. ಅವರು ನನ್ನನ್ನು 'ಶಶಿ-ಜೋನ್' ಎನ್ನುತ್ತಿದ್ದರು. ಜೋನ್ ಎಂದರೆ ಜೀವ, ಬರೀ ಅಕ್ಕರೆಯ ಬಾಲ.

"ಶಶಿ-ಜೋನ್, ನಿಮ್ಮಲ್ಲಿಯೂ ನದಿ ಜಗಳ ಇದೆಯಾ?" ಎಂದು ಒಮ್ಮೆ ಕೇಳಿದರು.

"ಇದೆ ಅಕಾ. ಬೇಕಾದಷ್ಟು."

"ಹೇಗೆ ಬಗೆಹರಿಸುತ್ತೀರಿ?"

"ಕೋರ್ಟಿಗೆ ಹೋಗುತ್ತೇವೆ. ತೀರ್ಪು ಬಂದ ದಿನ ಬಸ್ಸು ನಿಲ್ಲಿಸುತ್ತೇವೆ. ಮಳೆ ಬಂದರೆ ಮರೆಯುತ್ತೇವೆ."

ಅವರು ಬಹಳ ಹೊತ್ತು ನಕ್ಕರು. "ನಮಗೆ ಮಳೆಯೂ ಇಲ್ಲ," ಎಂದರು.

ದೊಡ್ಡ ನದಿಗಳ ಕಡತಗಳು ವರ್ಷಗಟ್ಟಲೆ ಅಲುಗುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಒಂದು ಚಿಕ್ಕ ತೊರೆಯ ವಿಷಯ. ಬೆಟ್ಟದಿಂದ ಇಳಿಯುವ ಅಂಥ ತೊರೆಗೆ ಅವರು ಸಾಯ್ ಎನ್ನುತ್ತಾರೆ, ನಮ್ಮ ಕರಾವಳಿಯ ತೋಡು ಇದ್ದ ಹಾಗೆ. ಮೇಲೆ ಕಿರ್ಗಿಸ್ತಾನದ ಒಂದು ಹಳ್ಳಿ, ಕೆಳಗೆ ತಾಜಿಕಿಸ್ತಾನದ ಒಂದು ಹಳ್ಳಿ, ನಡುವೆ ಗಡಿ. ಮೇಲಿನದು ಬಕ್ತಿಗುಲ್ ಹುಟ್ಟಿದ ಊರು, ಕೆಳಗಿನದು ರುಸ್ತಮ್ ಅಕಾ ಅವರದು. ಆ ಕಾರಣಕ್ಕೇ ಕಂಪನಿ ಇಬ್ಬರನ್ನೂ ಈ ಕೆಲಸಕ್ಕೆ ಹಾಕಿತ್ತು. ರುಸ್ತಮ್ ಅಕಾ ಅವರ ತಮ್ಮ ಹಿಂದಿನ ಶರತ್ಕಾಲದಲ್ಲಿ ಅಣ್ಣನಿಗಾಗಿ ಜಲ್ದರು ಹಣ್ಣಿನ ಸಸಿ ನೆಟ್ಟಿದ್ದ. ನಮ್ಮಲ್ಲಿ ಒಣಗಿಸಿ ಮಾರುವ ಏಪ್ರಿಕಾಟೇ ಅದು. ಅರವತ್ತು ದಾಟಿದರೆ ಇಲ್ಲಿ ವೀಸಾ ಕಷ್ಟ. ಆ ಜೂನ್‌ಗೆ ಊರಿಗೆ ಹೋಗಿ ತೋಟ ನೋಡಿಕೊಂಡಿರುವುದು ಅವರ ಲೆಕ್ಕಾಚಾರ. ಇಪ್ಪತ್ತು ವರ್ಷ ಹೊರಗಿದ್ದವರಿಗೆ ಊರಿನಲ್ಲಿ ಮಾಡಲು ಬೇರೆ ಕೆಲಸವೇ ಇರಲಿಲ್ಲ. ಮೊದಲ ಬೇಸಗೆ ನೀರು ಸಿಕ್ಕಿದರೆ ಸಸಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇದನ್ನು ಅವರು ಪ್ಯಾಂಟ್ರಿಯಲ್ಲಿ ಚಹಾ ಕುಡಿಯುತ್ತ ದಿನಕ್ಕೊಮ್ಮೆ ನಮಗೆ ಹೇಳುತ್ತಿದ್ದರು.

ಇಂಥ ಜಗಳ ನನಗೆ ಹೊಸದಲ್ಲ. ನಮ್ಮ ಊರಿನ ತೋಡಿಗೆ ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಅಡ್ಡ ಕಟ್ಟುತ್ತಿದ್ದರು. ಅದಕ್ಕೆ ಕಟ್ಟ ಎಂದೇ ಹೆಸರು. ಅಲ್ಲಿ ನಿಂತ ನೀರಿನಲ್ಲೇ ಮೂರನೆಯ ಬೆಳೆ. ಹಗಲಿನ ನೀರು ಮೇಲಿನ ಮನೆಯವರಿಗೆ, ಇರುಳಿನದು ನಮಗೆ. ಅಪ್ಪ ಲಾಟೀನು, ಗುದ್ದಲಿ ಹಿಡಿದು ನೀರು ಹರಿಯುವ ಕಣಿಯ ಬದಿಯಲ್ಲಿ ಕೂರುತ್ತಿದ್ದರು. "ಇರುಳಿನ ನೀರು ನಿದ್ದೆ ಕೆಡಿಸ್ತದೆ, ಆದ್ರೆ ಗದ್ದೆಯ ಹೊಟ್ಟೆ ತುಂಬಿಸ್ತದೆ," ಎನ್ನುತ್ತಿದ್ದರು. ಹಗಲು ಬೇರೆ, ಇರುಳು ಬೇರೆ ಎಂದು ಕೇಳುತ್ತಲೇ ಬೆಳೆದವಳು ನಾನು. ಆ ಆಫೀಸಿನಲ್ಲಿ ಮುಂದೆ ಆದ ತಪ್ಪನ್ನು ಬೇರೆ ಯಾರು ಮಾಡಿದ್ದರೂ ನಾನು ಕ್ಷಮಿಸುತ್ತಿದ್ದೆ.

ನಾನು ಬಂದು ಒಂದೂವರೆ ವರ್ಷ ಕಳೆದಿತ್ತು, ಫೆಬ್ರವರಿಯಲ್ಲಿ ಎರಡೂ ಹಳ್ಳಿಯವರು ಬಂದರು. ಮೇಲಿನ ಊರಿನಿಂದ ಬಂದವರಲ್ಲಿ ಮುಖ್ಯ ಮನುಷ್ಯ ಅಲ್ಲಿನ ಮಿರಾಬ್, ಅಂದರೆ ಕಾಲುವೆಯ ಬಾಗಿಲು ತೆರೆದು, ಮುಚ್ಚಿ ಎಲ್ಲರಿಗೂ ನೀರಿನ ಪಾಳಿ ಹಂಚುವವನು. ಆತ ಬಕ್ತಿಗುಲ್‌ಳ ಸೋದರಮಾವನೂ ಹೌದು. ಸೋದರಮಾವನಿಗೆ ಅವರ ಮಾತಿನಲ್ಲಿ ತಾಯಾಕೆ ಎನ್ನುತ್ತಾರೆ. ಅಮ್ಮನ ಕಡೆಯವನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಮೂರು ದಿನ ಕೂಗಾಡಿದರು. ಕೊನೆಗೆ ಒಪ್ಪಿದರು: ವಾರದಲ್ಲಿ ನಾಲ್ಕು ಮೇಲಿನ ಊರಿಗೆ, ಮೂರು ಕೆಳಗಿನ ಊರಿಗೆ.

ನಾಲ್ಕು ಏನು, ಮೂರು ಏನು ಎಂಬುದೇ ಮುಂದಿನ ಗೋಳು. ಅವರು ಹೇಳಿದ್ದು ದಿನ ಅಲ್ಲ, 'ಸೂತ್ಕಿ'. ಇದು ರಷ್ಯನ್ ಪದ, ಒಂದು ಹಗಲು ಮತ್ತು ಒಂದು ರಾತ್ರಿ ಕೂಡಿದ ಇಡೀ ಇಪ್ಪತ್ತನಾಲ್ಕು ಗಂಟೆ. ದಿನ ಎನ್ನಲು ಅವರಿಗೆ ಬೇರೆ ಪದ ಇದೆ, ಅದರಲ್ಲಿ ಬರೀ ಹಗಲು ಎಂಬ ಅರ್ಥವೂ ಉಂಟು. ಇಂಗ್ಲಿಷಿನಲ್ಲಿ ಸೂತ್ಕಿಗೆ ಸರಿಯಾದ ಪದ ಇಲ್ಲ. ರುಸ್ತಮ್ ಅಕಾ ಎಚ್ಚರದಿಂದ 'ಮೂರು ಹಗಲು ಮತ್ತು ಮೂರು ರಾತ್ರಿ' ಎಂಬರ್ಥ ಬರುವಂತೆ ಬರೆದುಕೊಟ್ಟರು, ಪ್ರತಿ ಸಾಲಿನಲ್ಲೂ. ಅದನ್ನು ಕಂಡು ನನ್ನ ಬೆರಳು ತುರಿಸಿತು. ವಿಮಾನಕ್ಕೆ ಹೊತ್ತಾಯಿತು, ಯಲ್ಲಾ ಯಲ್ಲಾ ಎಂದು ಮ್ಯಾನೇಜರ್ ಬೆನ್ನ ಹಿಂದೆ ನಿಂತಿದ್ದರು. ದಿನ ಅಂದರೆ ರಾತ್ರಿಯೂ ಸೇರಿತಲ್ಲ, ಸುಮ್ಮನೆ ಯಾಕೆ ಉದ್ದ ಎಂದು ನಾನು ಎಲ್ಲ ಕಡೆಯೂ 'ಮೂರು ದಿನ', 'ನಾಲ್ಕು ದಿನ' ಎಂದು ತಿದ್ದಿ ಚೊಕ್ಕ ಮಾಡಿದೆ. ಆ ಪ್ರತಿಯಿಂದಲೇ ಹೊರಗಿನವರು ಯಾರೋ ರಷ್ಯನ್ ಪ್ರತಿ ಮಾಡಿದರು. ಅದರಲ್ಲಿ ಸೂತ್ಕಿ ಇರಲಿಲ್ಲ. ಎಲ್ಲರೂ ದಣಿದಿದ್ದರು, ರುಜು ಹಾಕಿದರು, ಮಿರಾಬ್ ನನ್ನ ಕೈ ಕುಲುಕಿ ಹೋದ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ರುಸ್ತಮ್ ಅಕಾ ಪ್ಯಾಂಟ್ರಿಗೆ ಬಂದು ಕಪ್ಪಿಗೆ ನೀರು ಹಾಕಿ, ಚಹಾ ಹಾಕುವುದನ್ನು ಮರೆತು ನಿಂತರು.

"ತಮ್ಮ ಫೋನ್ ಮಾಡಿದ್ದ. ನಮ್ಮ ಮೂರು ದಿನಗಳಲ್ಲಿ ಸಂಜೆಯಾದರೆ ಮೇಲೆ ಬಾಗಿಲು ಹಾಕುತ್ತಾರಂತೆ. ಕಾಗದದಲ್ಲಿ ದಿನ ಎಂದಿದೆ, ರಾತ್ರಿ ಎಂದಿಲ್ಲ ಅನ್ನುತ್ತಾರಂತೆ."

"ಅರ್ಧ ನೀರು ಹೋಯಿತಾ?" ಎಂದು ಕೇಳಿದೆ.

"ಅರ್ಧ ಅಲ್ಲ. ಬೆಟ್ಟದಲ್ಲಿ ಹಗಲು ಹಿಮ ಕರಗುತ್ತದೆ. ಆ ನೀರು ನಮ್ಮೂರಿಗೆ ಇಳಿಯುವುದು ರಾತ್ರಿ. ಹಗಲು ಬರುವುದು ಕಾಲು ತೊಳೆಯಲು ಸಾಕು, ಅಷ್ಟೇ."

ನಾನು ನನ್ನ ಮೇಜಿಗೆ ಬಂದು ಕಡತ ತೆಗೆದೆ. ಅವರ ಕೈಬರಹದ ಕರಡು ಇತ್ತು, ಹಗಲು ರಾತ್ರಿ ಎರಡೂ ಇದ್ದವು. ಅದರ ಮೇಲೆ ನನ್ನ ನೀಲಿ ಪೆನ್ನಿನ ಗೆರೆಗಳು. ಆ ಕರಡು ಇದ್ದದ್ದು ನನ್ನ ಬೀರುವಿನಲ್ಲಿ ಮಾತ್ರ, ಬೀಗದ ಕೈಯೂ ನನ್ನದೇ. ಅದನ್ನು ಹರಿದು ಹಾಕಿದರೆ ಕೇಳುವವರಿಲ್ಲ ಎಂಬ ಯೋಚನೆ ಬಂತು. ಬಂತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಶುಕ್ರವಾರ ಸುಧಾಕರರ ಜೊತೆ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋದೆ. ನಮ್ಮೊಳಗೆ ತುಳು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಬಂಗುಡೆ ಆರಿಸುತ್ತಿದ್ದ ಅವರಿಗೆ ಎಲ್ಲ ಹೇಳಿದೆ.

"ಎಂತ ಮಾರಾಯ್ತಿ ನೀನು! ಸುಮ್ಮನೆ ಇರು," ಎಂದರು. "ನಿನ್ನ ಕಾಂಟ್ರಾಕ್ಟು ಎರಡು ತಿಂಗಳಲ್ಲಿ ಮುಗೀತದೆ. ಈಗ ನಾನೇ ತಪ್ಪು ಮಾಡಿದ್ದು ಅಂತ ಬರ್ಕೊಟ್ರೆ ಮತ್ತೆ ವೀಸಾ ಕೊಡ್ತಾರಾ? ಪುನಃ ನೀನು ಊರಲ್ಲಿ, ನಾನಿಲ್ಲಿ. ಅದು ಬೇಕಾ ನಿಂಗೆ?"

"ಅವ್ರ ಸಸಿ ಒಣಗ್ತದೆ."

"ಸಸಿ ಇನ್ನೊಂದು ಸಲ ನೆಡ್ಬಹುದು." ಸ್ವಲ್ಪ ಹೊತ್ತು ಮೀನು ತಿರುಗಿಸಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು, "ಒಬ್ಬನೇ ಇದ್ದು ಇದ್ದು ನಂಗೆ ಸಾಕಾಗಿದೆ ಶಶಿ. ಅದಕ್ಕೆ ಹೇಳಿದ್ದು."

ಅವರ ಮೇಲೆ ಸಿಟ್ಟು ಬರಲಿಲ್ಲ. ಹೊತ್ತು ಮುಳುಗಿದರೆ ಮಾತಾಡಲು ಜನ ಇಲ್ಲದ ಹನ್ನೊಂದು ವರ್ಷ ಕಳೆದ ಮನುಷ್ಯ. ನಾನು ಮೀನಿನ ಚೀಲ ಹಿಡಿದು ಬಸ್ಸಿನಲ್ಲಿ ಕುಳಿತೆ.

ಶನಿವಾರ ಅವರು ದುಬೈಗೆ ಹೋದ ಮೇಲೆ ಬಂಗುಡೆಯ ಹುಳಿಖಾರದ ಸಾರು, ಪುಳಿಮುಂಚಿ, ಬಿಸಿ ಮಾಡುತ್ತಿದ್ದೆ. ಬಕ್ತಿಗುಲ್ ಬಂದು ತಟ್ಟೆ ಹಿಡಿದಳು. ಸಮುದ್ರವಿಲ್ಲದ ದೇಶದವಳು, ಮೊದಲ ಸಲ ತಲೆಯಿರುವ ಬಂಗುಡೆ ಕಂಡು "ಇದು ನನ್ನನ್ನು ನೋಡುತ್ತಿದೆ" ಎಂದು ಓಡಿದ್ದವಳು. ಈಗ ತಲೆ ತನಗೇ ಬೇಕು ಎನ್ನುತ್ತಾಳೆ. ಆ ಊರಿನಲ್ಲಿ ನಾನು ಸಾಧಿಸಿದ ದೊಡ್ಡ ವಿಜಯ ಅದೊಂದೇ. ಅವಳು ಸುಟ್ಟು ತಂದ ದುಂಡು ರೊಟ್ಟಿಯನ್ನು ಸಾರಿಗೆ ಅದ್ದಿ ತಿನ್ನುವಾಗ ಹೇಳಿಬಿಟ್ಟೆ. ಯಾಕೆ ಅವಳಿಗೆ ಹೇಳಿದೆನೋ, ಬಹುಶಃ ಮುಂದಿದ್ದವಳು ಅವಳೇ.

ಅವಳು ರೊಟ್ಟಿ ಕೆಳಗಿಟ್ಟಳು.

"ಇದರಿಂದ ಲಾಭ ಆಗಿರುವುದು ನನ್ನ ಊರಿಗೆ. ಗೊತ್ತಲ್ಲ?"

"ಗೊತ್ತು."

"ಬಾಗಿಲು ಹಾಕುತ್ತಿರುವುದು ನನ್ನ ತಾಯಾಕೆ."

"ಅದೂ ಗೊತ್ತು."

"ಹಾಗಾದರೆ ನನಗೆ ಯಾಕೆ ಹೇಳಿದೆ? ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ, ನಾನು ಊರಿಗೆ ಹೋಗಿ ಬಂದು ಮಾಡಿಕೊಂಡಿರುತ್ತಿದ್ದೆ." ಹೀಗೆ ಹೇಳಿ ಊಟ ಬಿಟ್ಟು ಕೋಣೆಗೆ ಹೋದಳು.

ಭಾನುವಾರ ಬೆಳಿಗ್ಗೆ, ಇಲ್ಲಿ ಅದು ವಾರದ ಮೊದಲ ಕೆಲಸದ ದಿನ, ನಾನು ಕರಡನ್ನೂ ಒಂದು ಪತ್ರವನ್ನೂ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಪತ್ರದಲ್ಲಿ ನಾಲ್ಕು ಸಾಲು, ಕೊನೆಗೆ ನನ್ನ ಹೆಸರು. ಅವರು ಲೆಬನಾನಿನವರು, ಕೆಟ್ಟವರೇನಲ್ಲ. ಎರಡು ಸಲ ಓದಿದರು.

"ಶಶಿ, ರುಜು ಆಗಿದೆ. ಖಲಾಸ್. ಈಗ ಕಂಪನಿ ತಪ್ಪಾಯಿತು ಎನ್ನಬೇಕಾ?"

"ಕಂಪನಿಯದ್ದಲ್ಲ ಸರ್, ನನ್ನದು."

"ಇನ್ನೊಂದು ಸಭೆ ಮಾಫಿ, ಇಲ್ಲವೇ ಇಲ್ಲ. ಅದಕ್ಕೆ ಕೇಳುವುದೇ ಬೇಡ. ಮೇಲಿನ ಊರಿನವರೇ ಒಪ್ಪಿ ತಿದ್ದುಪಡಿಗೆ ರುಜು ಹಾಕಿದರೆ ಆಯಿತು. ಕೈಗೆ ಸಿಕ್ಕಿದ ನೀರನ್ನು ಯಾರು ಬಿಡುತ್ತಾರೆ?"

ಹೊರಗೆ ಬಂದಾಗ ರುಸ್ತಮ್ ಅಕಾ ಕಾರಿಡಾರಿನಲ್ಲಿದ್ದರು. ಅವರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ತಮ್ಮ ಫೋನ್ ಮಾಡಿದ ದಿನವೇ ನನಗೆ ಗೊತ್ತು, ಮಿಸೆಸ್ ಶಶಿಕಲಾ. ನಾನು ಬರೆದದ್ದು ಏನೆಂದು ನನಗೆ ಮರೆತಿಲ್ಲ. ನೀವು ಹೇಳುತ್ತೀರೋ ಇಲ್ಲವೋ ಎಂದು ನೋಡುತ್ತಿದ್ದೆ."

ಜೋನ್ ಹೋಗಿ ಮಿಸೆಸ್ ಬಂದಿತ್ತು. "ನೀವೇ ಯಾಕೆ ಹೇಳಲಿಲ್ಲ?" ಎಂದೆ.

"ಕೊನೆಯ ಪ್ರತಿ ಓದಿ ನೋಡಿದ್ದೇನೆ ಎಂದು ರುಜು ಹಾಕಿದವನು ನಾನು. ಓದಿರಲಿಲ್ಲ, ನಿಮ್ಮ ಕೆಲಸದ ಮೇಲೆ ನಂಬಿಕೆ ಇತ್ತು. ಈಗ ನಾನು ಬಾಯಿ ತೆರೆದರೆ ತಮ್ಮನ ತೋಟಕ್ಕೆ ನೀರು ಎಳೆಯುತ್ತಿದ್ದಾನೆ ಎನ್ನುತ್ತಾರೆ."

ನಾನು ಮೇಜಿಗೆ ಹೋಗಿ ಆ ದಿನದ ಕರಡುಗಳಿಗೆ ನಂಬರು ಹಾಕತೊಡಗಿದೆ.

ಆ ವಾರ ಬಕ್ತಿಗುಲ್ ಐದು ದಿನ ರಜೆ ಹಾಕಿ ಊರಿಗೆ ಹೋದಳು. ಯಾಕೆ ಎಂದು ಹೇಳಲಿಲ್ಲ. ಹೊರಡುವ ಮೊದಲು ಕರಡಿನ ಒಂದು ಪ್ರತಿ ಬೇಕು ಎಂದಳು, ಅಷ್ಟೇ. ನಾನು ಮೂರು ಪ್ರತಿ ಮಾಡಿಕೊಟ್ಟೆ.

ಅವಳಿಲ್ಲದ ಫ್ಲಾಟಿನಲ್ಲಿ ಬೇಸರ ತಡೆಯದೆ ಅಣ್ಣನಿಗೆ ಫೋನ್ ಮಾಡಿದೆ. ಮಾತಿನ ನಡುವೆ, ಈ ವರ್ಷ ಕಟ್ಟ ಎಷ್ಟು ದಿನ ನಿಂತಿತು ಎಂದು ಕೇಳಿದೆ.

"ಕಟ್ಟ ಎಂತದ್ದು ಈಗ?" ಅಣ್ಣನಿಗೆ ನಗು. "ಅದು ನಿಂತು ಐದಾರು ವರ್ಷ ಆಯ್ತು. ಎಲ್ಲರಿಗೂ ಬೋರ್‌ವೆಲ್ ಉಂಟಲ್ಲ. ಬಟನ್ ಒತ್ತಿದ್ರೆ ನೀರು. ನೀನು ಯಾವ ಕಾಲದಲ್ಲಿ ಇದ್ದಿ?"

ನಾನು ಊರು ಬಿಟ್ಟದ್ದು ಎರಡೇ ವರ್ಷದ ಹಿಂದೆ. ಅದಕ್ಕೂ ಮೊದಲೇ ಕಟ್ಟ ನಿಂತಿತ್ತು, ವಕೀಲರ ಆಫೀಸಿಗೆ ಬಸ್ಸು ಹಿಡಿಯುವ ಅವಸರದಲ್ಲಿ ನಾನದನ್ನು ಗಮನಿಸಿರಲೇ ಇಲ್ಲ. ಮನಸ್ಸಿನಲ್ಲಿ ಊರು ಎಂದು ಇಟ್ಟುಕೊಂಡು ಬಂದದ್ದರಲ್ಲಿ ಎಷ್ಟೋ ಭಾಗ ಆಗಲೇ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು. ಅಲ್ಲಿ ಈಗ ಯಾರೂ ಯಾರಿಗಾಗಿಯೂ ಪಾಳಿ ಕಾಯುವುದಿಲ್ಲ. ಜಗಳವೂ ಇಲ್ಲವಂತೆ, ಮಾತೂ ಕಡಿಮೆಯಂತೆ.

ಬಕ್ತಿಗುಲ್ ತಿದ್ದುಪಡಿಯ ಕಾಗದದೊಂದಿಗೆ ಮರಳಿದಳು. ಅದರಲ್ಲಿ ಮಿರಾಬನ ರುಜು ಇತ್ತು. ನಡೆದದ್ದನ್ನು ಅವಳು ಹೇಳಿದ್ದು ಎರಡು ದಿನ ಕಳೆದ ಮೇಲೆ, ಅಡುಗೆಮನೆಯಲ್ಲಿ, ನನ್ನ ಮುಖ ನೋಡದೆ. ಅಂಗಳದಲ್ಲಿ ಊರವರು ಸೇರಿದ್ದರು. ಅವಳು ಕರಡನ್ನು ತಮ್ಮ ಮಾತಿಗೆ ತಂದು ಗಟ್ಟಿಯಾಗಿ ಓದಿದಳು. ಆಮೇಲೆ ಮಾವನ ಮುಂದೆ ರೊಟ್ಟಿ ಇಟ್ಟಳು. ಅವರಲ್ಲಿ ರೊಟ್ಟಿ ಮುಟ್ಟಿ ಸುಳ್ಳು ಹೇಳುವ ಹಾಗಿಲ್ಲ.

"ಫೆಬ್ರವರಿಯಲ್ಲಿ ನೀನು ಬಾಯಿಯಲ್ಲಿ ಹೇಳಿದ್ದು ದಿನ ಎಂದೋ ಸೂತ್ಕಿ ಎಂದೋ ಎಂದು ಕೇಳಿದೆ. ರೊಟ್ಟಿಯ ಮೇಲೆ ಕೈಯಿಟ್ಟ. ಸೂತ್ಕಿ ಎಂದ. ರುಜು ಹಾಕಿದ."

"ಒಳ್ಳೆಯ ಮನುಷ್ಯ," ಎಂದೆ.

"ರುಜು ಹಾಕಿದ ಮೇಲೆ ಇನ್ನೊಂದು ಮಾತು ಹೇಳಿದ. ಎಲ್ಲರೆದುರು ನನ್ನನ್ನು ಸತ್ಯವಂತನನ್ನಾಗಿ ಮಾಡಿದೆ, ಇದನ್ನು ನಾನು ಮರೆಯುವುದಿಲ್ಲ ಎಂದ." ಅವಳು ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು. "ಊರವರು ಮಾತಾಡಿಸಲಿಲ್ಲ. ಓದಿಸಿ ಹೊರಗೆ ಕಳಿಸಿದರೆ ನಮ್ಮ ನೀರನ್ನೇ ಮಾರಿ ಬಂದಳು ಎಂದರು. ಈ ಬೇಸಗೆಯಲ್ಲಿ ಬರಬೇಡ, ಜನ ಮರೆಯಲಿ ಎಂದು ಅಮ್ಮ ಹೇಳಿದಳು. ಮುಂದಿನ ಬೇಸಗೆಗೆ ಬಾ ಎಂದು ಮಾತ್ರ ಹೇಳಲಿಲ್ಲ."

ನಾನು ಅವಳ ಭುಜ ಮುಟ್ಟಿದೆ. ಅವಳು ನನ್ನ ಕೈ ಸರಿಸಲಿಲ್ಲ, ಹತ್ತಿರವೂ ಬರಲಿಲ್ಲ. ತಪ್ಪು ನನ್ನದು, ಕಳೆದುಕೊಂಡವಳು ಅವಳು. ಇದನ್ನು ಹೇಗೆ ಬರೆದರೂ ಚೊಕ್ಕ ಆಗುವುದಿಲ್ಲ.

ನನಗೆ ಒಂದು ವಾರ್ನಿಂಗ್ ಲೆಟರ್ ಬಂತು. ಕಾಂಟ್ರಾಕ್ಟು ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದೂ ಹೇಳಿದರು. ಸುಧಾಕರ ಬೈಯಲಿಲ್ಲ. ತಮ್ಮ ಫ್ಯಾಕ್ಟರಿಯ ಪಕ್ಕದ ಗೋಡೌನಿನಲ್ಲಿ ಬಿಲ್ ಟೈಪು ಮಾಡುವ ಕೆಲಸವೊಂದನ್ನು ಹುಡುಕಿ, ಅಲ್ಲೇ ಒಂದು ಕೋಣೆಯನ್ನೂ ನೋಡಿದರು. "ಇನ್ನು ವಾರಕ್ಕೆ ಏಳು ದಿನ," ಎಂದರು, ನಗಲೋ ಬೇಡವೋ ಎಂಬಂತೆ. ನನಗೂ ಖುಷಿಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಬಿಟ್ಟು ಹೋಗುವಾಗ ಕಾಲು ಭಾರವಾಗುವಷ್ಟು ಟೂರಿಸ್ಟ್ ಕ್ಲಬ್ಬಿನ ಆ ಅಡುಗೆಮನೆ ಯಾವಾಗ ನನ್ನದಾಯಿತು ಎಂದು ತಿಳಿಯಲಿಲ್ಲ.

ರುಸ್ತಮ್ ಅಕಾ ಜೂನ್‌ನಲ್ಲಿ ಊರಿಗೆ ಹೋದರು. ಹೊರಡುವ ದಿನ ನನ್ನ ಮೇಜಿನ ಬಳಿ ನಿಂತು, "ಬರುತ್ತೇನೆ ಶಶಿ-ಜೋನ್," ಎಂದರು. ಬಕ್ತಿಗುಲ್‌ಳ ಮುಂದೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆಮೇಲೆ ಕೆಲವು ವಾರ ಸುದ್ದಿ ಇರಲಿಲ್ಲ. ವಾಟ್ಸಾಪ್ ಕರೆಯನ್ನು ಇಲ್ಲಿ ಸರಕಾರ ತಡೆದಿದೆ, ಧ್ವನಿ ಮೆಸೇಜು ಮಾತ್ರ ಬರುತ್ತದೆ.

ನಾನು ದುಬೈಗೆ ಹೊರಡುವ ವಾರ, ಒಂದು ಬೆಳಿಗ್ಗೆ ಇಬ್ಬರ ಫೋನಿಗೂ ಒಂದೇ ಮೆಸೇಜು ಬಂತು. ಆಫೀಸಿಗೆ ಹೊರಡಲು ಬಕ್ತಿಗುಲ್ ತಲೆ ಬಾಚುತ್ತಿದ್ದಳು. ನಾನು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಒತ್ತಿದೆ. ಮಾತೇ ಇಲ್ಲ, ಬರೀ ನೀರು. ಕಲ್ಲಿಗೆ ಬಡಿದು, ತಿರುಗಿ, ಮತ್ತೆ ಹರಿಯುವ ನೀರು. ಎಲ್ಲೋ ಒಂದು ಕೋಳಿ ಕೂಗಿತು. ಕೊನೆಗೆ ರುಸ್ತಮ್ ಅಕಾ ಅವರ ದನಿ, ರಷ್ಯನ್ನಿನಲ್ಲಿ ಒಂದೇ ವಾಕ್ಯ.

"ಏನು ಹೇಳಿದರು?" ಎಂದೆ.

"ರಾತ್ರಿಯಿಡೀ ಬಂತು, ಸಸಿಗಳು ಎಲೆ ಬಿಟ್ಟಿವೆ, ಅಂತ."

ಅವಳು ಮತ್ತೊಮ್ಮೆ ಒತ್ತಿದಳು. ಬಾಚಣಿಗೆ ಕೂದಲಿನಲ್ಲೇ ಇತ್ತು. ಕಣ್ಣು ಮುಚ್ಚಿ ಕೇಳಿದಳು.

"ನಮ್ಮ ಮನೆಯ ಬಾಗಿಲ ಮುಂದೆಯೇ ಹೋಗುತ್ತದೆ ಈ ನೀರು," ಎಂದಳು. "ಅಮ್ಮ ಮಲಗಿರುವಾಗ ದಾಟಿರುತ್ತದೆ."

ಮೂರನೆಯ ಸಲ ಕೇಳಿದಳು, ನಾಲ್ಕನೆಯ ಸಲವೂ. ಕೆಳಗೆ ಆಫೀಸಿನ ವ್ಯಾನು ಎರಡು ಬಾರಿ ಹಾರ್ನ್ ಮಾಡಿ ನಮ್ಮನ್ನು ಬಿಟ್ಟು ಹೋಯಿತು.